ನಮ್ಮನ್ನೂ ಒಂದು ಮಾತು ಕೇಳಿ: ಅಣ್ವಸ್ತ್ರ ಒಪ್ಪಂದಗಳ ಬಗ್ಗೆ ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ, 12 ರಾಜ್ಯಸಭಾ ಸದಸ್ಯರಿಗೆ,
ಹಾಗೂ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಗೌರಿಬಿದನೂರು ತಾಲೂಕಿನವಳು. ಮೂವತ್ತು ವರ್ಷಕ್ಕಿಂತ ಜಾಸ್ತಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಯಾವ ಪಕ್ಷಕ್ಕೂ ಸೇರಿದವಳಲ್ಲ, ಯಾವ ಸಂಘಟನೆಯ ಪರವಾಗಿಯೂ ಬರೆಯುತ್ತಿಲ್ಲ. ರಸ್ತೆ, ನೀರು, ಪಿಂಚಣಿ ಅಂತ ನಿಮಗೆ ದಿನವೂ ಪತ್ರ ಬರುತ್ತಿರುತ್ತವೆ. ಈ ಪತ್ರ ಅಣ್ವಸ್ತ್ರ ಒಪ್ಪಂದಗಳ ಬಗ್ಗೆ. ಹಳ್ಳಿ ಕಡೆಯ ಟೀಚರಮ್ಮನಿಗೆ ಇದರ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ತಾಲೂಕಿನ ರಾಗಿ, ಮುಸುಕಿನ ಜೋಳದ ಹೊಲಗಳ ನಡುವೆ 1965ರಿಂದಲೂ ಭೂಕಂಪ ಮಾಪಕಗಳ ಒಂದು ಸಾಲು ಇದೆ. ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಎರಡು ತೋಳು, ಒಟ್ಟು 20 ಮಾಪಕಗಳು. ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂದು ಹೆಸರಾದ ಸಂಸ್ಥೆ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ನೆರವಿನಿಂದ ಇದನ್ನು ಕಟ್ಟಿತು. ಇಲ್ಲಿನ ಬಂಡೆ ತುಂಬಾ ಹಳೆಯದು, ಗಟ್ಟಿ. ಗದ್ದಲವೂ ಕಡಿಮೆ. ದೂರದ ಯಾವುದೋ ಮರುಭೂಮಿಯಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೆ ಆ ನಡುಕ ಭೂಮಿಯೊಳಗೆ ಹಾದು ಕೆಲವೇ ನಿಮಿಷಗಳಲ್ಲಿ ನಮ್ಮೂರಿಗೆ ಮುಟ್ಟುತ್ತದೆ. ಭೂಕಂಪವೋ ಬಾಂಬೋ ಅಂತ ಗುರುತಿಸುವುದು ಹೇಗೆ? ಭೂಕಂಪದಲ್ಲಿ ಬಂಡೆಗಳು ಒಂದರ ಪಕ್ಕ ಒಂದು ಜಾರುತ್ತವೆ. ಹಾಗಾಗಿ ಅಲೆ ಕೆಲವು ದಿಕ್ಕಿಗೆ ತಳ್ಳುತ್ತದೆ, ಕೆಲವು ದಿಕ್ಕಿಗೆ ಎಳೆಯುತ್ತದೆ. ಬಾಂಬ್ ಹಾಗಲ್ಲ, ಸುತ್ತ ಎಲ್ಲಾ ಕಡೆಗೂ ಒಟ್ಟಿಗೇ ತಳ್ಳುತ್ತದೆ. ಅಲೆಯ ಮೊದಲ ಏಟು ಹೇಗಿದೆ, ಮುಂದೆ ಬರುವ ಅಲೆಗಳು ಎಷ್ಟು ಜೋರಾಗಿವೆ ಅಂತ ನೋಡಿ ತಿಳಿದವರು ಲೆಕ್ಕ ಹಾಕುತ್ತಾರೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಸ್ಕೂಲಿನ ಪಕ್ಕದ ಕುಂಟೆಗೆ ಕರೆದುಕೊಂಡು ಹೋಗಿ ಕಲ್ಲು ಹಾಕಿಸಿ ಅಲೆ ತೋರಿಸುತ್ತಿದ್ದೆ.

1996ರಲ್ಲಿ ಹೀಗೆ ಪಾಠ ನಡೆಯುತ್ತಿದ್ದಾಗ ಪೇಪರಿನ ತುಂಬಾ ಸಿಟಿಬಿಟಿ ಸುದ್ದಿ. ಪ್ರಪಂಚದಲ್ಲಿ ಯಾರೂ ಎಲ್ಲಿಯೂ ಅಣುಬಾಂಬ್ ಪರೀಕ್ಷೆ ಮಾಡಬಾರದು ಎನ್ನುವ ಒಪ್ಪಂದ ಅದು. ಆ ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಪರವಾಗಿ 158 ಮತ ಬಿದ್ದವು. ವಿರುದ್ಧ ಬಿದ್ದದ್ದು ಮೂರು: ಭಾರತ, ಭೂತಾನ್, ಲಿಬಿಯಾ. ಆಗ ಪ್ರಧಾನಿಯಾಗಿದ್ದವರು ನಮ್ಮ ಹಾಸನ ಜಿಲ್ಲೆಯ ಎಚ್. ಡಿ. ದೇವೇಗೌಡರು. ಅವರು ಅಧಿಕಾರಕ್ಕೆ ಬಂದು ಮೂರು ವಾರ ಆಗುವ ಮೊದಲೇ, ಜೂನ್ 20ರಂದು, ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಈ ರೂಪದ ಒಪ್ಪಂದಕ್ಕೆ ಭಾರತ ಸಹಿ ಹಾಕುವುದಿಲ್ಲ ಎಂದು ಹೇಳಿಯಾಗಿತ್ತು.

ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ. “ಮಿಸ್, ಬಾಂಬ್ ಸಿಡಿದ್ರೆ ಕಂಡುಹಿಡಿಯೋ ಮಷೀನು ನಮ್ಮೂರಲ್ಲೇ ಇದೆ. ಮತ್ತೆ ನಾವ್ಯಾಕೆ ಒಪ್ಪಂದಕ್ಕೆ ಸೇರಲಿಲ್ಲ?” ನನಗೆ ತಿಳಿದಷ್ಟು ಹೇಳಿದೆ. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ ಈ ಐದು ದೇಶಗಳು ತಮ್ಮ ಬಾಂಬುಗಳನ್ನು ಇಟ್ಟುಕೊಂಡೇ ಬೇರೆಯವರಿಗೆ ಬೇಡ ಅನ್ನುತ್ತಿವೆ. ಅವು ಯಾವಾಗ ತಮ್ಮ ಬಾಂಬ್ ಕೆಳಗಿಡುತ್ತವೆ ಅನ್ನುವುದಕ್ಕೆ ಗಡುವು ಬರೆದಿಲ್ಲ. ಒಪ್ಪಂದ ಜಾರಿಗೆ ಬರಬೇಕಾದರೆ 44 ದೇಶಗಳು ಒಪ್ಪಲೇಬೇಕು ಅಂತ ಪಟ್ಟಿ ಮಾಡಿ, ನಮ್ಮನ್ನು ಕೇಳದೆ ನಮ್ಮ ಹೆಸರನ್ನೂ ಅದರಲ್ಲಿ ಸೇರಿಸಿದ್ದಾರೆ. ಅದಕ್ಕೇ ಸರ್ಕಾರ ಬೇಡ ಅಂದಿದೆ ಅಂದೆ. ಆಗ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತಳು. “ಅದನ್ನ ಯಾರನ್ನ ಕೇಳಿ ತೀರ್ಮಾನ ಮಾಡಿದ್ರು ಮಿಸ್?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಸಹಿ ಹಾಕಿ ಅಂತ ಒತ್ತಾಯಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನನ್ನ ಅಭಿಪ್ರಾಯ ಮುಚ್ಚಿಡುವುದೂ ಇಲ್ಲ: ಈ ಬಾಂಬುಗಳು ಯಾರ ಕೈಯಲ್ಲೂ ಇರಬಾರದು, ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ನಾವು ಸೇರಬೇಕು ಅನ್ನುವವಳು ನಾನು. ನನ್ನ ಪಕ್ಕದ ಮನೆಯವರು ಇದನ್ನು ಒಪ್ಪುವುದಿಲ್ಲ. ಅವರ ಮಗ ಸೈನ್ಯದಲ್ಲಿದ್ದಾನೆ, ಅವರ ಮಾತಿನಲ್ಲೂ ತೂಕ ಇದೆ. ನನ್ನ ದುಃಖ ಬೇರೆ. ನಮ್ಮಿಬ್ಬರನ್ನೂ ಯಾರೂ ಕೇಳಿಲ್ಲ. ಕೇಳುವುದಕ್ಕೆ ಒಂದು ಬಾಗಿಲನ್ನೂ ಇಟ್ಟಿಲ್ಲ.

ಸಂವಿಧಾನ ತೆಗೆದು ನೋಡಿದೆ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೆಯದಾಗಿ ಪರದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವ ವಿಷಯ ಇದೆ. ಅಂದರೆ ಒಪ್ಪಂದಗಳನ್ನು ಹೇಗೆ ಮಾಡಬೇಕು, ಯಾರನ್ನು ಕೇಳಬೇಕು ಅಂತ ಕಾನೂನು ಮಾಡುವ ಅಧಿಕಾರ ನಿಮ್ಮ ಸಂಸತ್ತಿಗೇ ಇದೆ. ಆದರೆ ಇಷ್ಟು ವರ್ಷದಲ್ಲಿ ಅಂಥ ಕಾನೂನು ಬರಲಿಲ್ಲ. ಕಾನೂನು ಇಲ್ಲದಿರುವುದರಿಂದ 73ನೇ ವಿಧಿಯ ಪ್ರಕಾರ ಎಲ್ಲವೂ ಸರ್ಕಾರದ ಕೈಯಲ್ಲಿ ಉಳಿದಿದೆ. ಒಪ್ಪಂದ ಜಾರಿಗೆ ತರಲು ದೇಶದ ಕಾನೂನು ಬದಲಿಸಬೇಕಾಗಿ ಬಂದರೆ ಮಾತ್ರ, 253ನೇ ವಿಧಿಯಡಿ, ವಿಷಯ ನಿಮ್ಮ ಮುಂದೆ ಬರುತ್ತದೆ. ಹೂಂ ಅನ್ನುವುದಕ್ಕೇ ಸದನದ ಒಪ್ಪಿಗೆ ಬೇಕಿಲ್ಲ ಅಂದಮೇಲೆ ಊಹೂಂ ಅನ್ನುವುದಕ್ಕೆ ಕೇಳುವವರು ಯಾರು?

ಇದು ನನಗೊಬ್ಬಳಿಗೇ ಹೊಳೆದ ಮಾತಲ್ಲ. ನಮ್ಮ ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ಸಂವಿಧಾನ ಪರಾಮರ್ಶೆ ಆಯೋಗದ ಅಧ್ಯಕ್ಷರಾಗಿದ್ದಾಗ, 2001ರಲ್ಲಿ ಆ ಆಯೋಗ ಒಪ್ಪಂದ ಮಾಡುವ ಅಧಿಕಾರದ ಬಗ್ಗೆಯೇ ಒಂದು ಚರ್ಚಾಪತ್ರ ಪ್ರಕಟಿಸಿತು. ಅದು ಬಂದು ಎರಡು ದಶಕ ದಾಟಿದೆ. 2014ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಒಳ್ಳೆಯ ನಿಯಮ ತಂದಿತು. ಯಾವುದೇ ಮಸೂದೆಯ ಕರಡನ್ನು ಕಡಿಮೆ ಅಂದರೂ 30 ದಿನ ಜನರ ಮುಂದಿಡಬೇಕು, ಅಭಿಪ್ರಾಯ ಪಡೆಯಬೇಕು ಅಂತ. ಅದು ಮಸೂದೆಗಳಿಗೆ. ಒಪ್ಪಂದಗಳಿಗೆ ಅಂಥದ್ದೇನೂ ಇಲ್ಲ.

ಕೈಗಾದಲ್ಲಿ 5 ಮತ್ತು 6ನೇ ರಿಯಾಕ್ಟರ್ ಕಟ್ಟುವ ಮುಂಚೆ, 2018ರ ಡಿಸೆಂಬರ್‌ನಲ್ಲಿ, ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಪರಿಸರದ ಕಾನೂನು ಹಾಗೆ ಹೇಳುತ್ತದೆ, ಅದಕ್ಕೇ ನಡೆಯಿತು. ಕಾಳಿ ನದಿ ದಂಡೆಯ ಜನ ಬಂದು ತಮಗನ್ನಿಸಿದ್ದನ್ನು ಹೇಳಿದರು. ರಿಯಾಕ್ಟರಿಗೆ ಅಹವಾಲು ಸಭೆ ಇದೆ. ಬಾಂಬಿನ ಒಪ್ಪಂದಕ್ಕೆ ಯಾಕಿಲ್ಲ?

ಕರ್ನಾಟಕಕ್ಕೂ ಅಣುಬಾಂಬಿಗೂ ಏನು ಸಂಬಂಧ ಅಂತ ದಯವಿಟ್ಟು ಅನ್ನಬೇಡಿ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಮೊದಲ ಪರೀಕ್ಷೆಯ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ. ಮೈಸೂರಿನ ಪಕ್ಕ ರತ್ನಹಳ್ಳಿಯಲ್ಲಿ ಯುರೇನಿಯಂ ಸಮೃದ್ಧಗೊಳಿಸುವ ಘಟಕ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಪರಮಾಣು ಸಂಶೋಧನಾ ಕೇಂದ್ರಕ್ಕೆ ಜಾಗ ಹೋಗಿದೆ. ನಮ್ಮೂರ ನೆಲದಲ್ಲಿ ಕಿವಿ ಇಟ್ಟಿದ್ದಾರೆ. ಇಷ್ಟೆಲ್ಲಾ ನಮ್ಮ ಮನೆಯಂಗಳದಲ್ಲೇ ಇದೆ, ಅಲ್ವಾ?

ಈಗ 2017ಕ್ಕೆ ಬನ್ನಿ. ಆ ಜುಲೈ 7ರಂದು ನ್ಯೂಯಾರ್ಕಿನಲ್ಲಿ 122 ದೇಶಗಳು ಸೇರಿ ಅಣ್ವಸ್ತ್ರ ನಿಷೇಧ ಒಪ್ಪಂದವನ್ನು ಅಂಗೀಕರಿಸಿದವು. ಬಾಂಬ್ ಮಾಡುವುದು, ಇಟ್ಟುಕೊಳ್ಳುವುದು, ಹಾಕುತ್ತೇವೆ ಅಂತ ಹೆದರಿಸುವುದು, ಎಲ್ಲವನ್ನೂ ಅದು ನಿಷೇಧಿಸುತ್ತದೆ. ಹೊಂಡುರಾಸ್ ಐವತ್ತನೆಯ ದೇಶವಾಗಿ ಸೇರಿದ ಮೇಲೆ 2021ರ ಜನವರಿ 22ರಿಂದ ಜಾರಿಗೆ ಬಂತು. ಮಾತುಕತೆ ಶುರು ಮಾಡಬೇಕೇ ಎಂಬ ನಿರ್ಣಯ ಬಂದಾಗ ಭಾರತ ಯಾವ ಕಡೆಗೂ ಮತ ಹಾಕದೆ ಉಳಿಯಿತು. ಮಾತುಕತೆಗೆ ಹೋಗಲೇ ಇಲ್ಲ. ಒಪ್ಪಂದ ಆದ ಮೇಲೆ ವಿದೇಶಾಂಗ ಸಚಿವಾಲಯ ಒಂದು ಹೇಳಿಕೆ ಕೊಟ್ಟಿತು: ನಾವು ಇದರ ಭಾಗಿಯಲ್ಲ, ಇದರ ಕಟ್ಟುಪಾಡು ನಮಗೆ ಅನ್ವಯಿಸುವುದಿಲ್ಲ, ಇಂಥ ಮಾತುಕತೆಗೆ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನವೇ ಸರಿಯಾದ ಜಾಗ ಅಂತ. ಆ ವಾದದಲ್ಲಿ ಹುರುಳು ಇರಬಹುದು. ಅಣ್ವಸ್ತ್ರ ಇರುವ ಒಂದು ದೇಶವೂ ಸೇರದ ಒಪ್ಪಂದದಿಂದ ಏನು ಪ್ರಯೋಜನ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಹೋಗಬೇಕೋ ಬೇಡವೋ ಅಂತ ನಿಮ್ಮ ಸದನದಲ್ಲಿ ಮತಕ್ಕೆ ಹಾಕಲಿಲ್ಲ. 130 ಕೋಟಿಗೂ ಹೆಚ್ಚು ಜನರ ಪರವಾಗಿ ಒಂದು ಕುರ್ಚಿ ಖಾಲಿ ಬಿಟ್ಟರು. ಯಾಕೆ ಖಾಲಿ ಬಿಡುತ್ತಿದ್ದೇವೆ ಅಂತ ಮೊದಲೇ ನಮಗೆ ಹೇಳಲಿಲ್ಲ.

ನಮ್ಮ ದೇಶ ಯಾವಾಗಲೂ ಹೀಗೇ ಇತ್ತು ಅಂತಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ದೊಡ್ಡ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿದ್ದ ಜಪಾನಿನ ಮೀನುಗಾರರ ಮೇಲೆ ಬೂದಿ ಸುರಿಯಿತು. ಒಂದೇ ತಿಂಗಳಲ್ಲಿ, ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು ಪರೀಕ್ಷೆಗಳನ್ನು ನಿಲ್ಲಿಸೋಣ ಅಂತ ಪ್ರಪಂಚಕ್ಕೆ ಕರೆ ಕೊಟ್ಟರು. ನಮ್ಮದೇ ಸದನದಲ್ಲಿ, ನಮ್ಮ ಪ್ರತಿನಿಧಿಗಳ ಎದುರು ಆಡಿದ ಮಾತು ಅದು. 1988ರ ಜೂನ್ 9ರಂದು ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ 2010ರೊಳಗೆ ಎಲ್ಲಾ ಅಣ್ವಸ್ತ್ರ ತೊಡೆದುಹಾಕುವ ಯೋಜನೆ ಮುಂದಿಟ್ಟರು. 1995ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಭಾರತ ಬರೆದುಕೊಟ್ಟ ವಾದವೂ ಅಣ್ವಸ್ತ್ರ ಬಳಸುವುದು ಕಾನೂನಿಗೆ ವಿರುದ್ಧ ಅಂತಲೇ ಇತ್ತು. ಅಣ್ವಸ್ತ್ರ ಬಳಕೆಯನ್ನು ನಿಷೇಧಿಸುವ ಒಪ್ಪಂದ ಬೇಕು ಎನ್ನುವ ನಿರ್ಣಯವನ್ನು 1982ರಿಂದ ವಿಶ್ವಸಂಸ್ಥೆಯಲ್ಲಿ ಮಂಡಿಸುತ್ತಾ ಬಂದಿರುವುದೂ ಭಾರತವೇ. ಈ ಕೊನೆಯ ಸಂಗತಿ ನಮ್ಮ ತಾಲೂಕಿನಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನೇ ನಿವೃತ್ತಳಾದ ಮೇಲೆ ಓದಿ ತಿಳಿದುಕೊಂಡೆ. ಹೆಮ್ಮೆಪಡುವ ಕೆಲಸವನ್ನೂ ನಮಗೆ ಹೇಳದೆ ಮಾಡುತ್ತಾರೆ ಅನ್ನುವುದು ನನಗೆ ತುಂಬಾ ಬೇಜಾರಿನ ವಿಷಯ.

ಇಂಥ ದೊಡ್ಡ ವಿಷಯದಲ್ಲಿ ಸಾಮಾನ್ಯರು ಏನು ಮಾಡೋಕಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಹಾಲುಹಲ್ಲಿನ ಕಥೆ ಹೇಳುತ್ತೇನೆ.

ನಮ್ಮ ಕಡೆ ಮಗುವಿನ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೇವೆ. ಅಮೆರಿಕದ ಸೇಂಟ್ ಲೂಯಿಸ್ ಎಂಬ ಊರಿನ ತಾಯಂದಿರು 1958ರ ಕೊನೆಯಿಂದ ಆ ಹಲ್ಲುಗಳನ್ನು ಲಕೋಟೆಯಲ್ಲಿಟ್ಟು ವಿಜ್ಞಾನಿಗಳಿಗೆ ಕಳಿಸಲು ಶುರು ಮಾಡಿದರು. ಆಗ ಅಮೆರಿಕ, ರಷ್ಯಾ ಬಯಲಿನಲ್ಲೇ ಬಾಂಬ್ ಸಿಡಿಸುತ್ತಿದ್ದವು. ಬಾಂಬಿನಿಂದ ಸ್ಟ್ರಾನ್ಷಿಯಂ-90 ಎಂಬ ವಿಕಿರಣದ ವಸ್ತು ಗಾಳಿಗೆ ಏರಿ ಮಳೆಯ ಜೊತೆ ಹುಲ್ಲಿನ ಮೇಲೆ ಬೀಳುತ್ತದೆ. ಹುಲ್ಲನ್ನು ಹಸು ಮೇಯುತ್ತದೆ, ಹಾಲನ್ನು ಮಗು ಕುಡಿಯುತ್ತದೆ. ಇದರ ಗುಣ ಕ್ಯಾಲ್ಸಿಯಂ ಥರಾನೇ ಇರುವುದರಿಂದ ಮೈ ಅದನ್ನು ಮೂಳೆಗೆ, ಹಲ್ಲಿಗೆ ಸೇರಿಸಿಕೊಂಡುಬಿಡುತ್ತದೆ. ಅದು ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು 29 ವರ್ಷ ಬೇಕು. ಲೂಯಿಸ್ ರೀಸ್ ಎಂಬ ವೈದ್ಯೆ ಈ ಕೆಲಸದ ಮುಂದಾಳತ್ವ ವಹಿಸಿದ್ದರು. ಹಲ್ಲು ಕಳಿಸಿದ ಮಗುವಿಗೆ ‘ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ’ ಎಂಬ ಬ್ಯಾಡ್ಜ್ ಕೊಡುತ್ತಿದ್ದರು. ಹೀಗೆ ಸುಮಾರು ಮೂರು ಲಕ್ಷ ಹಲ್ಲು ಸೇರಿದವು. ಪರೀಕ್ಷೆಗಳು ಜಾಸ್ತಿಯಾದ ಹಾಗೆ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ-90 ಏರುತ್ತಾ ಹೋಗಿದ್ದು ಲೆಕ್ಕದಲ್ಲಿ ಕಾಣಿಸಿತು. ಬಾಂಬ್ ದೂರದ ನೆವಾಡಾದಲ್ಲಿ ಸಿಡಿಯುತ್ತದೆ, ನಮಗೇನು ಅಂತ ಇನ್ನು ಯಾರೂ ಹೇಳುವ ಹಾಗಿರಲಿಲ್ಲ. 1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಮಾಡಬಾರದೆಂಬ ಒಪ್ಪಂದ ಬಂತು. ಅದಕ್ಕೆ ಜನರ ಬೆಂಬಲ ಕಟ್ಟುವುದರಲ್ಲಿ ಆ ಮಕ್ಕಳ ಹಲ್ಲಿನ ಪಾಲು ದೊಡ್ಡದು. ಆ ಒಪ್ಪಂದಕ್ಕೆ ಭಾರತವೂ ಅದೇ ವರ್ಷ ಸಹಿ ಹಾಕಿತು.

ಈ ಪಾಠ ಮಾಡುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಯಾಕೆಂದರೆ ಹಲ್ಲು ಅವರಿಗೂ ಇತ್ತು.

ನ್ಯೂಜಿಲೆಂಡ್ ಅಂತ ಒಂದು ದೇಶ ಇದೆ. ಅಲ್ಲಿನ ಒಟ್ಟು ಜನ ನಮ್ಮ ಬೆಂಗಳೂರಿನವರಿಗಿಂತ ಕಡಿಮೆ. 1980ರ ದಶಕದಲ್ಲಿ ಅಲ್ಲಿನ ಊರೂರಿನ ಸ್ಥಳೀಯ ಸಂಸ್ಥೆಗಳು ‘ನಮ್ಮದು ಅಣ್ವಸ್ತ್ರ ಇಲ್ಲದ ಊರು’ ಅಂತ ನಿರ್ಣಯ ಮಾಡುತ್ತಾ ಹೋದವು. ಅರ್ಧಕ್ಕಿಂತ ಜಾಸ್ತಿ ಜನ ಅಂಥ ಊರುಗಳಲ್ಲೇ ಇದ್ದರು. 1987ರಲ್ಲಿ ಅದು ದೇಶದ ಕಾನೂನೇ ಆಯಿತು. ಅದೇ ಕಾನೂನು ಇನ್ನೊಂದು ಕೆಲಸ ಮಾಡಿತು. ನಿಶ್ಶಸ್ತ್ರೀಕರಣದ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡಲು ಜನರ ಕಡೆಯಿಂದ ಒಂದು ಸಮಿತಿ ಇರಬೇಕು ಅಂತ ಬರೆಯಿತು. ಆ ಸಮಿತಿ ಕಾನೂನಿನಲ್ಲೇ ಇರುವುದರಿಂದ ಸರ್ಕಾರ ಬದಲಾದರೂ ಅದರ ಜಾಗ ಉಳಿಯುತ್ತದೆ. 2017ರ ನಿಷೇಧ ಒಪ್ಪಂದ ಬಂದಾಗ ಅಲ್ಲಿನ ಸಂಸತ್ ಸಮಿತಿ ಅದನ್ನು ಪರಿಶೀಲಿಸಿತು. ಆಮೇಲೆ 2018ರ ಜುಲೈ 31ರಂದು ದೇಶ ಒಪ್ಪಂದವನ್ನು ಅಂತಿಮವಾಗಿ ಒಪ್ಪಿ ಸ್ಥಿರೀಕರಿಸಿತು. ಅವರಿಗೆ ಪಕ್ಕದಲ್ಲಿ ಚೀನಾ ಇಲ್ಲ, ಪಾಕಿಸ್ತಾನ ಇಲ್ಲ, ಹೌದು. ಅವರ ತೀರ್ಮಾನವನ್ನೇ ನಾವೂ ತೆಗೆದುಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಅವರು ಜನರನ್ನು ಕೇಳಿದ ಕ್ರಮವನ್ನು ನೋಡಿ.

ಕೇಳಿದರೆ ಜನ ಬೇಡ ಅನ್ನಬಹುದು. ಅದಕ್ಕೂ ನಾನು ತಯಾರಿದ್ದೇನೆ. ಸ್ವಿಟ್ಜರ್ಲೆಂಡಿನಲ್ಲಿ 1962ರ ಏಪ್ರಿಲ್ 1ರಂದು ಅಣ್ವಸ್ತ್ರ ನಿಷೇಧಿಸಬೇಕೇ ಅಂತ ಜನರ ಮತ ಕೇಳಿದರು. ಜನ ಆ ನಿಷೇಧವನ್ನು ತಿರಸ್ಕರಿಸಿದರು. ಆದರೂ ಆ ದೇಶ ಬಾಂಬ್ ಮಾಡಲಿಲ್ಲ, 1969ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿತು. ಒಂದು ಸಲ ಸೋತವರು ಮಾತು ನಿಲ್ಲಿಸಲಿಲ್ಲ ಅಷ್ಟೇ. ಅಮೆರಿಕದಲ್ಲಿ 1999ರ ಅಕ್ಟೋಬರ್ 13ರಂದು ಸಿಟಿಬಿಟಿಯನ್ನು ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ತಿರಸ್ಕರಿಸಿತು, ಪರವಾಗಿ 48, ವಿರುದ್ಧ 51. ನನಗೆ ಆ ಫಲಿತಾಂಶ ಹಿಡಿಸಲಿಲ್ಲ. ಆದರೆ ಯಾವ ಸೆನೆಟರ್ ಯಾವ ಕಡೆ ಮತ ಹಾಕಿದ ಅಂತ ಅಲ್ಲಿನ ಒಬ್ಬ ಟೀಚರ್ ತನ್ನ ಕ್ಲಾಸಿಗೆ ಹೇಳಬಹುದು. ನಾನು ನನ್ನ ಕ್ಲಾಸಿಗೆ ಏನು ಹೇಳಲಿ? ಬ್ರಿಟನ್ನಿನಲ್ಲೂ 2010ರ ಕಾನೂನಿನ ಪ್ರಕಾರ ಒಪ್ಪಂದವನ್ನು 21 ಕಲಾಪದ ದಿನ ಸಂಸತ್ತಿನ ಮುಂದಿಡಬೇಕು.

ರಕ್ಷಣೆಯ ಗುಟ್ಟು ಬಯಲಾಗುತ್ತದೆ ಅಂತ ನೀವು ಹೇಳಬಹುದು. ಮಾಹಿತಿ ಹಕ್ಕು ಕಾನೂನಿನಲ್ಲೂ ದೇಶದ ಭದ್ರತೆಯ ವಿಷಯಕ್ಕೆ ರಕ್ಷಣೆ ಇದೆ, ಇರಲಿ. ಎಲ್ಲಿ ಎಷ್ಟು ಬಾಂಬ್ ಇವೆ, ಯಾವ ಕ್ಷಿಪಣಿ ಎಲ್ಲಿ ನಿಂತಿದೆ ಅಂತ ನಾನು ಕೇಳುತ್ತಿಲ್ಲ. 1998ರ ಮೇ 11 ಮತ್ತು 13ರ ಪರೀಕ್ಷೆಗೆ ಮುಂಚೆ ಸದನಕ್ಕೆ ಹೇಳಲಿಲ್ಲ ಅಂತಲೂ ತಕರಾರು ಮಾಡುವುದಿಲ್ಲ. ಆದರೆ ಒಪ್ಪಂದ ಗುಟ್ಟಿನ ಕಾಗದ ಅಲ್ಲ. ಅದರ ಒಂದೊಂದು ಸಾಲೂ ಅಚ್ಚಾಗಿದೆ. ಪ್ರಪಂಚವೆಲ್ಲಾ ಓದಬಹುದಾದ ಕಾಗದದ ಬಗ್ಗೆ ನಾವು ಮಾತಾಡಿದರೆ ಯಾವ ಗುಟ್ಟು ಹೊರಗೆ ಹೋಗುತ್ತದೆ?

ನಮ್ಮ ಸರ್ಕಾರವೇ ಒಂದು ಸಲ ಈ ಬಾಗಿಲು ತೆರೆದಿತ್ತು. 1999ರ ಆಗಸ್ಟ್ 17ರಂದು ಅಣ್ವಸ್ತ್ರ ನೀತಿಯ ಕರಡನ್ನು ಜನರ ಚರ್ಚೆಗೆ ಬಿಟ್ಟಿತು. ಬಾಂಬನ್ನು ಯಾವಾಗ, ಹೇಗೆ ಬಳಸಬೇಕು ಎನ್ನುವ ಕರಡನ್ನೇ ಬೀದಿಯಲ್ಲಿ ನಿಂತು ಚರ್ಚಿಸಬಹುದಾದರೆ ಅದನ್ನು ಕೆಳಗಿಡುವ ಒಪ್ಪಂದವನ್ನು ಚರ್ಚಿಸಲು ಏನು ಅಡ್ಡಿ? ಮುಂದೆ 2003ರ ಜನವರಿ 4ರಂದು ಆ ನೀತಿಯ ಸಾರಾಂಶ ಮಾತ್ರ ಹೊರಗೆ ಬಂತು. ನಾವು ಮೊದಲು ಬಳಸುವುದಿಲ್ಲ ಅನ್ನುವ ಮಾತು ಅದರಲ್ಲಿದೆ. ಅಣ್ವಸ್ತ್ರ ಇಲ್ಲದ ಜಗತ್ತೇ ನಮ್ಮ ಗುರಿ ಅನ್ನುವ ಸಾಲೂ ಇದೆ. ಆ ಗುರಿಗೆ ಯಾವ ದಾರಿಯಲ್ಲಿ ಹೋಗುತ್ತೇವೆ ಅಂತ ಕೇಳುವುದು ನಮ್ಮ ಹಕ್ಕು. ಪ್ರಪಂಚದ ಶಸ್ತ್ರಾಸ್ತ್ರಗಳ ಲೆಕ್ಕ ಇಡುವ ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಅಂದಾಜಿನಂತೆ 2025ರ ಶುರುವಿನಲ್ಲಿ ಪ್ರಪಂಚದಲ್ಲಿ 12 ಸಾವಿರಕ್ಕೂ ಹೆಚ್ಚು ಅಣ್ವಸ್ತ್ರಗಳಿದ್ದವು. ಭಾರತದ್ದು ಸುಮಾರು 180, ಪಾಕಿಸ್ತಾನದ್ದು ಸುಮಾರು 170.

ಜನಕ್ಕೆ ಇದೆಲ್ಲಾ ಅರ್ಥ ಆಗಲ್ಲ ಅನ್ನುವ ಮಾತು ಮಾತ್ರ ದಯವಿಟ್ಟು ಬೇಡ. 2010ರಲ್ಲಿ ಅಣು ದುರಂತದ ಪರಿಹಾರದ ಮಸೂದೆ ಬಂದಾಗ ಸ್ಥಾಯಿ ಸಮಿತಿ ಅದನ್ನು ಕೂಲಂಕಷವಾಗಿ ನೋಡಿತು, ಹೊರಗೆ ಜನರೂ ಮಾತಾಡಿದರು. ಸ್ಥಾವರ ನಡೆಸುವವರು ಕೊಡಬೇಕಾದ ಪರಿಹಾರದ ಮಿತಿ 500 ಕೋಟಿಯಿಂದ 1,500 ಕೋಟಿ ರೂಪಾಯಿಗೆ ಏರಿತು. ಯಂತ್ರ ಪೂರೈಸಿದವರನ್ನೂ ಹೊಣೆ ಮಾಡುವ ಕಲಮು ಗಟ್ಟಿಯಾಯಿತು. ಆ ಕಾನೂನು ಆಮೇಲೆ ಏನಾಯಿತು ಅನ್ನೋದು ಬೇರೆ ಚರ್ಚೆ. ಕರಡಿನಲ್ಲಿ ಬದಲಾವಣೆ ಆಗಿದ್ದು ಅದನ್ನು ಬೆಳಕಿಗೆ ಹಿಡಿದದ್ದರಿಂದ. ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಸ್ಟ್ರಾನ್ಷಿಯಂ ಅರ್ಥ ಮಾಡಿಸಿದ್ದೇನೆ. ಅವರ ಅಪ್ಪ ಅಮ್ಮಂದಿರಿಗೆ ಒಪ್ಪಂದದ ಎರಡು ಪುಟ ಅರ್ಥ ಆಗುತ್ತದೆ, ಕನ್ನಡದಲ್ಲಿ ಕೊಟ್ಟರೆ.

ನಮ್ಮ ತಾಲೂಕಿನ ವಿದುರಾಶ್ವತ್ಥ ನಿಮಗೆ ಗೊತ್ತಿರಬಹುದು. ಅಶ್ವತ್ಥ ಮರ, ನಾಗರಕಲ್ಲುಗಳು, ಪಕ್ಕದಲ್ಲಿ ಉತ್ತರ ಪಿನಾಕಿನಿ. 1938ರ ಏಪ್ರಿಲ್ 25ರಂದು ಸುತ್ತಲಿನ ಹಳ್ಳಿಗಳ ಜನ ಅಲ್ಲಿ ಸೇರಿದ್ದರು. ಸ್ವಾತಂತ್ರ್ಯ ಚಳವಳಿಯ ಬಾವುಟ ಹಾರಿಸಬಾರದು ಅಂತ ಆಗಿನ ಮೈಸೂರು ಸರ್ಕಾರದ ಆಜ್ಞೆ ಇತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ರೈತರು, ಜಾತ್ರೆಗೆ ಬಂದವರು. ಆಮೇಲೆ ಗಾಂಧೀಜಿ ಕಳಿಸಿದ ವಲ್ಲಭಭಾಯಿ ಪಟೇಲರು ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲರ ಜೊತೆ ಕೂತು ಮಾತಾಡಿದರು. ಪಟೇಲ್–ಮಿರ್ಜಾ ಒಪ್ಪಂದ ಆಯಿತು, ಬಾವುಟ ಹಾರಿಸಲು ಅನುಮತಿ ಸಿಕ್ಕಿತು. ಚಿಕ್ಕವಳಿದ್ದಾಗ ನಮ್ಮಜ್ಜಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಆ ಜಾಗ ತೋರಿಸಿದ್ದರು. ಒಪ್ಪಂದ ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಅವರ ಬಾಯಲ್ಲಿ. ಹಾಗಾಗಿ ಒಪ್ಪಂದ ಅಂದರೆ ದೊಡ್ಡವರು ದೂರದ ಊರಿನಲ್ಲಿ ಮಾಡುವ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅದೇ ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಪ್ರಶ್ನೆ ಮಾಡದೆ ಏನನ್ನೂ ಒಪ್ಪಿಕೊಳ್ಳಬಾರದು ಅಂತ ಜೀವನ ಪೂರ್ತಿ ಹೇಳುತ್ತಾ ಬಂದರು. ನಾವು ಅವರನ್ನು ನೋಡಿ ಮೇಷ್ಟ್ರುಗಿರಿ ಕಲಿತವರು.

ಈಗ ನನ್ನ ಬೇಡಿಕೆಗೆ ಬರುತ್ತೇನೆ.

ಸ್ಥಾಯಿ ಸಮಿತಿಯವರೇ, ‘ಭಾರತ ಮತ್ತು ಅಣ್ವಸ್ತ್ರ ಒಪ್ಪಂದಗಳು’ ಅನ್ನುವುದನ್ನು ನಿಮ್ಮ ಅಧ್ಯಯನದ ವಿಷಯವಾಗಿ ತೆಗೆದುಕೊಳ್ಳಿ. ಬೇರೆ ವಿಷಯಗಳಿಗೆ ಜನರಿಂದ ಲಿಖಿತ ಅಭಿಪ್ರಾಯ ಕೇಳಿ ಪೇಪರಿನಲ್ಲಿ ಜಾಹೀರಾತು ಕೊಡುತ್ತೀರಲ್ಲ, ಇದಕ್ಕೂ ಕೊಡಿ. ಕನ್ನಡದಲ್ಲೂ ಕೊಡಿ, ಕನ್ನಡದಲ್ಲಿ ಬಂದ ಪತ್ರಗಳನ್ನೂ ಓದಿ. ಸೈನ್ಯದಿಂದ ನಿವೃತ್ತರಾದವರನ್ನು, ವಿಜ್ಞಾನಿಗಳನ್ನು, ರಾಯಭಾರಿಗಳಾಗಿದ್ದವರನ್ನು ಕರೆಯಿರಿ. ಜೊತೆಗೆ ಕೈಗಾದ ಪಕ್ಕ ಇರುವವರನ್ನು, ಪೋಖ್ರಾನ್ ಸುತ್ತಲಿನ ಹಳ್ಳಿಯವರನ್ನು, ಗಡಿ ಜಿಲ್ಲೆಗಳ ರೈತರನ್ನೂ ಕರೆದು ಕೂರಿಸಿ ಕೇಳಿ. ಗಡಿಯವರು ನನ್ನ ಹಾಗೆ ಯೋಚಿಸಲಿಕ್ಕಿಲ್ಲ. ಅದು ನನಗೆ ಗೊತ್ತಿದ್ದೇ ಹೇಳುತ್ತಿದ್ದೇನೆ.

ಸಂಸದರೇ, ಒಪ್ಪಂದ ಮಾಡುವ ಕ್ರಮಕ್ಕೆ ಒಂದು ಕಾನೂನು ತನ್ನಿ. ಸರ್ಕಾರ ತರದಿದ್ದರೆ ನಿಮ್ಮಲ್ಲಿ ಒಬ್ಬರು ಖಾಸಗಿ ಸದಸ್ಯರ ಮಸೂದೆ ಮಂಡಿಸಿ, ಶುಕ್ರವಾರ ಮಧ್ಯಾಹ್ನ ಅದಕ್ಕೆಂದೇ ಸಮಯ ಇದೆ. ಆ ಮಸೂದೆಯಲ್ಲಿ ಬೇರೇನಿಲ್ಲದಿದ್ದರೂ ಒಂದು ಅಂಶ ಇರಲಿ. ಇಂಥ ಒಪ್ಪಂದಕ್ಕೆ ಸೇರುವುದಾದರೂ ಸರಿ, ಸೇರುವುದಿಲ್ಲ ಅನ್ನುವುದಾದರೂ ಸರಿ, ಸರ್ಕಾರ ಮೊದಲು ಕಾರಣಗಳನ್ನು ಸದನದ ಮುಂದಿಡಬೇಕು, ಜನರ ಅಭಿಪ್ರಾಯಕ್ಕೆ ಸಮಯ ಕೊಡಬೇಕು. ನ್ಯೂಜಿಲೆಂಡಿನ ಹಾಗೆ ಜನರ ಸಲಹಾ ಸಮಿತಿಗೂ ಅದರಲ್ಲೇ ಜಾಗ ಮಾಡಬಹುದು. ಅಲ್ಲಿಯವರೆಗೆ ಪ್ರತಿ ವರ್ಷ ವಿಶ್ವಸಂಸ್ಥೆಯಲ್ಲಿ ಅಣ್ವಸ್ತ್ರದ ನಿರ್ಣಯಗಳ ಮೇಲೆ ಭಾರತ ಹೇಗೆ ಮತ ಹಾಕಿತು, ಯಾಕೆ ಹಾಕಿತು ಅನ್ನುವ ಒಂದು ಹೇಳಿಕೆಯನ್ನಾದರೂ ಸದನದಲ್ಲಿ ಇಡಿಸಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ನೀವು ಒಂದು ಪ್ರಶ್ನೆ ಕೇಳಿದರೆ ಸಾಕು.

ನಾವೂ ಸುಮ್ನೆ ಕೂರುವುದಿಲ್ಲ. ಪ್ಯಾರಿಸ್, ವಾಷಿಂಗ್ಟನ್‌ನಂಥ ನಗರಗಳು ತಮ್ಮ ದೇಶ 2017ರ ಒಪ್ಪಂದಕ್ಕೆ ಸೇರಲಿ ಅಂತ ನಿರ್ಣಯ ಮಾಡಿವೆ. ಅವುಗಳ ಸರ್ಕಾರಗಳ ಹತ್ತಿರ ಬಾಂಬ್ ಇದೆ, ಆದರೂ ಮಾಡಿವೆ. ನಮ್ಮ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕು ಅಂತ ನಾನೂ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳೂ ಮಾತಾಡಿಕೊಂಡಿದ್ದೇವೆ. ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಹತ್ತು ನಿಮಿಷ ಕೇಳುತ್ತೇವೆ. ಪರವಾಗಿ ಎಷ್ಟು ಕೈ ಏಳುತ್ತವೆ, ವಿರುದ್ಧ ಎಷ್ಟು ಏಳುತ್ತವೆ, ಎರಡನ್ನೂ ಬರೆದು ನಿಮಗೆ ಕಳಿಸುತ್ತೇವೆ.

ಸಮಿತಿಯವರು ಅಧ್ಯಯನ ಪ್ರವಾಸಕ್ಕೆ ಹೋಗುತ್ತೀರಲ್ಲ, ಒಂದು ಸಲ ಗೌರಿಬಿದನೂರಿಗೂ ಬನ್ನಿ. ಬೆಂಗಳೂರಿನಿಂದ ಎರಡು ಗಂಟೆ ದಾರಿ. ಹಿಂದೂಪುರದ ಕಡೆಗೆ ಹೋಗುವ ರೈಲೂ ಇದೆ. ನಮ್ಮ ತಾಲೂಕಿನ ಹೈಸ್ಕೂಲ್ ಮಕ್ಕಳನ್ನು ಒಂದು ಕಡೆ ಸೇರಿಸುವ ಜವಾಬ್ದಾರಿ ನನ್ನದು. ಅವರ ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಿ. ನನ್ನ ಅಭಿಪ್ರಾಯವನ್ನು ಎರಡು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಯಾವ ವಿಳಾಸಕ್ಕೆ, ಯಾವ ತಾರೀಕಿನೊಳಗೆ ಕಳಿಸಬೇಕು ಅಂತ ತಿಳಿಸಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ
ಗೌರಿಬಿದನೂರು ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ